ಮೊದಲ ಲೋಟದ ಹಾಲು

ತಲಕಾಡಿನ ಹೊಳೆದಂಡೆಯ ಮರಳಿನಲ್ಲಿ ಸೌದೆ ಮಾರುತ್ತಿದ್ದ ಮುದ್ದಮ್ಮ ತಾನಾಗಿ ಬಾಯಿ ಬಿಡುವವಳಲ್ಲ. ಅಡುಗೆ ಮಾಡಿಕೊಳ್ಳಲು ಬಂದವರು ಒಲೆ ಹೊತ್ತಿಸಲಾಗದೆ ಒದ್ದಾಡುತ್ತಿದ್ದರೆ ಹತ್ತು ಮಾರು ದೂರದಲ್ಲಿ ನಿಂತು ನೋಡುತ್ತಿದ್ದಳು. ಕರೆದರೆ ಹೋಗುವಳು. ಕರೆಯುವವರು ಕಡಿಮೆ. ಕೇರಿಯವಳ ಸೌದೆ ಬೇಕು, ಕೈ ಬೇಡ. ಇಪ್ಪತ್ತು ವರ್ಷ ಹೀಗೇ ಕಳೆದಿತ್ತು.

2004ರ ಆಷಾಢದಲ್ಲಿ ಹದಿನಾರು ಎಂಬ ಊರಿನ ಮಲ್ಲಾಜಮ್ಮ ಹಾಲು ಉಕ್ಕಿಸುವ ಹರಕೆ ಹೊತ್ತು ಬಂದಳು. ಜೊತೆಗೆ ಗಂಡ ಪುಟ್ಟಬಸವಯ್ಯ, ಏಳು ತಿಂಗಳ ಬಸುರಿ ಸೊಸೆ ಅರ್ಪಿತ. ಹಿಂದಿನ ಸಲ ಇದೇ ಮರಳಿನಲ್ಲಿ ಹಾಲು ಉಕ್ಕುವ ಮೊದಲೇ ಒಲೆ ಆರಿತ್ತು. ತಿಂಗಳೊಳಗೆ ಅರ್ಪಿತಳ ಬಸಿರು ಇಳಿದುಹೋಗಿತ್ತು. ಎರಡಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಲ್ಲಾಜಮ್ಮನ ಎದೆ ಡಾಕ್ಟರ ಮಾತು ಕೇಳಬೇಕಲ್ಲ. ಅವರ ಮನೆತನದಲ್ಲಿ ಒಲೆ ಹೊತ್ತಿಸುವವರು ಪೂರ್ವಕ್ಕೆ ಮುಖ ಮಾಡಿ ಕೂರಬೇಕು, ಉಕ್ಕಿದ ಹಾಲಿನ ಮೊದಲ ಲೋಟ ಅವರದೇ. ಮೂವತ್ತು ವರ್ಷದಿಂದ ಆ ಲೋಟ ಮಲ್ಲಾಜಮ್ಮನದು.

ಪೂರ್ವಕ್ಕೆ ಮುಖ ಮಾಡಿ ಕೂತರೆ ಒಲೆಯ ಬಾಯಿ ಪಡುವಣಕ್ಕಾಯಿತು. ಆಷಾಢದ ಗಾಳಿ ಬರುವುದೂ ಆ ಕಡೆಯಿಂದಲೇ. ಕಡ್ಡಿಯ ಮೇಲೆ ಕಡ್ಡಿ ಗೀರಿದ್ದಾಯಿತು, ಕರ್ಪೂರ ಸುರಿದದ್ದಾಯಿತು. ಪುಟ್ಟಬಸವಯ್ಯ ಹೆಗಲ ಟವಲನ್ನು ಅಡ್ಡ ಹಿಡಿದರೆ ಅದು ಹೆಂಡತಿಯ ಮುಖಕ್ಕೇ ಸುತ್ತಿಕೊಂಡಿತು. ಅರ್ಪಿತ ನಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಹೊತ್ತದ ಒಲೆಯನ್ನೇ ನೋಡುತ್ತಿದ್ದಳು. ಅದನ್ನು ಕಂಡ ಮೇಲೆ ಮಲ್ಲಾಜಮ್ಮನ ಬಿಗುಮಾನ ಉಳಿಯಲಿಲ್ಲ.

“ಬಾವ್ವಾ, ನೀನೇ ಒತ್ತಿಸ್ಕೊಡು,” ಎಂದು ಮುದ್ದಮ್ಮನನ್ನು ಕರೆದಳು.

“ಅರಕೆ ಒಲೆ ಅವ್ವೋರೆ. ನಾನು ಮುಟ್ಬೋದಾ?”

“ಕೂಸು ಉಳುದ್ರೆ ಸಾಕು ಕಣವ್ವಾ. ಬಾ.”

ಮುದ್ದಮ್ಮ ಒಣಮರಳನ್ನು ಸರಿಸಿ, ಮೊಣಕೈ ಮುಳುಗುವಷ್ಟು ಆಳಕ್ಕೆ ತೋಡಿದಳು. ಕೆಳಗಿನ ಹಸಿಮರಳನ್ನೆತ್ತಿ ಪಡುವಣಕ್ಕೆ ಗೋಡೆ ಕಟ್ಟಿ ತಟ್ಟಿದಳು. ಗುಂಡಿಯೊಳಗೆ ಕಲ್ಲು ಹೂಡಿ, ತೆಂಗಿನ ನಾರು, ಬೆರಣಿಯ ಪುಡಿ, ಬೆರಳುದ್ದದ ಪುಳ್ಳೆ ಜೋಡಿಸಿದಳು. ಆಮೇಲೆ ಆ ಗೋಡೆಗೆ ಬೆನ್ನು ಕೊಟ್ಟು ಪೂರ್ವಕ್ಕೇ ಮುಖ ಮಾಡಿ, ಕಡ್ಡಿ ಹಿಡಿದು ಸುಮ್ಮನೆ ಕೂತುಬಿಟ್ಟಳು.

“ಇನ್ಯಾಕ್ ಕಾಯ್ತಿದ್ದೀಯೆ?”

“ಗಾಳಿನೂ ಉಸ್ರು ತಗೊಬೇಕಲ್ರವ್ವಾ.”

ನಿಜವಾಗಿಯೂ ಗಾಳಿ ನಿಂತಿತು, ಒಂದೇ ಗಳಿಗೆ. ಅದು ಹಾಗೆ ನಿಲ್ಲುತ್ತದೆಂದು ಮಲ್ಲಾಜಮ್ಮನಿಗೆ ಇಷ್ಟು ವಯಸ್ಸಾದರೂ ಗೊತ್ತಿರಲಿಲ್ಲ. ಮುದ್ದಮ್ಮ ಗುಂಡಿಯೊಳಗೇ ಕಡ್ಡಿ ಗೀರಿ, ಅದರ ತಲೆ ಕೆಳಗೆ ಮಾಡಿ ನಾರಿಗೆ ಕೊಟ್ಟಳು. ಗಾಳಿ ಮತ್ತೆ ಬೀಸಿ ಗೋಡೆಯ ಮೇಲಿಂದ ದಾಟಿ ಹೋಯಿತು. ಉರಿ ಒಮ್ಮೆ ಬಾಗಿತು, ಆರಲಿಲ್ಲ. ಸುತ್ತಲೂ ಮರಳು ಹಾರುತ್ತಿದ್ದರೆ ಅಂಗೈಯಗಲದ ಬೆಂಕಿ ಪುಳ್ಳೆಯಿಂದ ಪುಳ್ಳೆಗೆ ಹತ್ತುತ್ತಿತ್ತು. ಮಲ್ಲಾಜಮ್ಮನಿಗೆ ಮೈ ಜುಮ್ಮೆಂದಿತು, ತನಗೇ ತಿಳಿಯದಂತೆ ಕೈಮುಗಿದಳು. ದಿನಾ ಬೆಳಗಾದರೆ ಒಲೆಯ ಮುಂದೆ ಕೂರುವವಳು ಬೆಂಕಿ ಹುಟ್ಟುವುದನ್ನು ನೋಡಿದ್ದು ಅದೇ ಮೊದಲು.

ಹಾಲು ಉಕ್ಕಿ ಚೆಲ್ಲಿತು. ಅರ್ಪಿತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಲ್ಲಾಜಮ್ಮ ಲೋಟ ತುಂಬಿಸಿ ತಿರುಗುವಷ್ಟರಲ್ಲಿ ಮುದ್ದಮ್ಮ ಎದ್ದು ತನ್ನ ಹತ್ತು ಮಾರು ದೂರಕ್ಕೆ ಹೋಗಿಯಾಗಿತ್ತು. ಮಲ್ಲಾಜಮ್ಮ ಅಲ್ಲಿಗೇ ನಡೆದಳು. ಮುದ್ದಮ್ಮ ರೂಢಿಯಂತೆ ಬಗ್ಗಿ ಬೊಗಸೆ ಒಡ್ಡಿದಳು.

“ಬೊಗಸೆ ಬ್ಯಾಡ. ಲೋಟ ಇಡ್ಕೊ. ಒಲೆ ಒತ್ತಿಸ್ದೋರ್ದು ಇದು.”

ಮುದ್ದಮ್ಮ ಮರಳಂಟಿದ ಕೈಯನ್ನು ಸೆರಗಿಗೆ ಒರೆಸಿ ಲೋಟ ಹಿಡಿದಳು, ಗಾಳಿಗೆ ಹಾಲು ತುಳುಕಿತು. ಮಲ್ಲಾಜಮ್ಮ ಲೋಟದ ಕೆಳಗೆ ತನ್ನ ಕೈಯನ್ನೂ ಕೊಟ್ಟಳು.