ಎರಡನೇ ಸಭೆ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿದ್ದೇ ಇತ್ತು, ಆದರೆ ಅದು ಬಳಕೆ ತಪ್ಪಿ ಎಷ್ಟೋ ಕಾಲವಾಗಿತ್ತು. ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವನ ಕೆಲಸ. ಸಭೆಗೆ ಮುಂಚೆ ಖಾಲಿ ವೇದಿಕೆ ಹತ್ತಿ ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಎಂದು ಅರಚಿ ಅರಚಿ ಊರಿಗೆಲ್ಲ ಹಲೋ ಆಗಿಬಿಟ್ಟಿದ್ದ. ಅಂಗಡಿಯವರು ಕೂಗುವುದೂ ಹಲೋ, ಅಕ್ಕ ಬಯ್ಯುವುದೂ ಹಲೋ ಎಂದೇ.

ನಾಯಕರನ್ನು ಅವರ ಹೆಂಡತಿಯರೂ ಅವನಷ್ಟು ಹತ್ತಿರದಿಂದ ಕಂಡಿರಲಿಕ್ಕಿಲ್ಲ. ಒಂದೇ ಸೇತುವೆಯನ್ನು ಈ ದಡದಿಂದ ಒಂದು ಸಲ, ಆ ದಡದಿಂದ ಇನ್ನೊಂದು ಸಲ ಉದ್ಘಾಟಿಸಿದವರನ್ನು ನೋಡಿದ್ದ. ವರ್ಷವರ್ಷವೂ ಅದೇ ಗುಂಡಿಯಲ್ಲಿ ಸಸಿ ನೆಡುವವರನ್ನು ನೋಡಿದ್ದ. ಗುಂಡಿಗೆ ಅಭ್ಯಾಸವಾಗಿತ್ತು, ಸಸಿಗಳಿಗೆ ಆಗಲೇ ಇಲ್ಲ. ಸಂತಾಪ ಸಭೆಯಲ್ಲಿ ಗಳಗಳ ಅತ್ತು, ತೀರಿಕೊಂಡವರ ಹೆಸರಿನ ಬದಲು ಮೊದಲ ಸಾಲಿನಲ್ಲಿ ಕೂತಿದ್ದ ಅವರ ತಮ್ಮನ ಹೆಸರು ಹೇಳಿದ ಮಹನೀಯರೂ ಇದ್ದರು. ಆ ತಮ್ಮ ಎದ್ದು ನಿಂತು ಇನ್ನೂ ಇದ್ದೇನೆಂದು ತೋರಿಸಿಕೊಳ್ಳಬೇಕಾಯಿತು. ಇಂಥವನ್ನೆಲ್ಲ ನೋಡಿಕೊಂಡು ನಗದೆ ಕೂರುವುದು ಮೈಕ್‌ನವನ ಕಸುಬಿನ ಅತಿ ಕಷ್ಟದ ಭಾಗ.

ಹಾಗೆ ಹೊಟ್ಟೆಯೊಳಗೆ ಹಿಡಿದಿಟ್ಟ ನಗುವಿಗೆಂದೇ ಎರಡನೇ ಸಭೆ ಹುಟ್ಟಿಕೊಂಡಿತ್ತು. ನಾಯಕರ ಕಾರು ಧೂಳೆಬ್ಬಿಸಿ ಹೋಗಬೇಕು, ಜನ ಚದುರಬೇಕು, ಕುರ್ಚಿ ಎತ್ತುವವರು, ಪೆಂಡಾಲ್ ಬಿಚ್ಚುವವರು, ಗುಡಿಸುವವರು ಮಾತ್ರ ಉಳಿಯಬೇಕು. ಆಗ ಹಲೋ ಮೈಕ್ ಮುಂದೆ ನಿಂತು, ಸಣ್ಣ ದನಿಯಲ್ಲಿ, ಈಗಷ್ಟೇ ಮುಗಿದ ಭಾಷಣವನ್ನು ನಾಯಕರ ಗಂಟಲಲ್ಲೇ ಇನ್ನೊಮ್ಮೆ ಮಾಡುತ್ತಿದ್ದ. ಅದೇ ಕೆಮ್ಮು, ಅದೇ ಮೂಗಿನ ಸೊರಸೊರ, ಚಪ್ಪಾಳೆಗಾಗಿ ಅದೇ ಕಾಯುವಿಕೆ. ಕೂಲಿಯವರು ಕುರ್ಚಿಗಳ ಮೇಲೆ ಕವುಚಿ ಬಿದ್ದು ನಗುತ್ತಿದ್ದರು. ಮೊದಲನೇ ಸಭೆಗೆ ಬರದಿದ್ದರೂ ಎರಡನೆಯದಕ್ಕೆ ತಪ್ಪಿಸದವರಿದ್ದರು. ಒಂದು ಕಟ್ಟುನಿಟ್ಟಿತ್ತು: ಶುರುಮಾಡುವ ಮುನ್ನ ಹೊರಗಿನ ಹಾರ್ನ್ ಸ್ಪೀಕರುಗಳ ಆಂಪ್ಲಿಫೈಯರ್ ಆರಿಸಬೇಕು, ವೇದಿಕೆಯ ಸಣ್ಣ ಸ್ಪೀಕರ್ ಮಾತ್ರ ಉಳಿಯಬೇಕು. ಹಾರ್ನ್‌ಗಳು ಮೈದಾನದ ಗೋಡೆ ದಾಟಿ ಮಾರ್ಕೆಟ್ಟಿನ ಕಂಬಗಳವರೆಗೂ ಹೋಗಿರುತ್ತಿದ್ದವು. ಎರಡನೇ ಸಭೆ ಮನೆಯೊಳಗಿನ ಮಾತು, ಬೀದಿಯದಲ್ಲ.

ಅಮ್ಮ ತೀರಿಕೊಂಡಾಗ ಅವನಿನ್ನೂ ಚಿಕ್ಕವನು. ಅಕ್ಕ ಮದುವೆಯಾಗಿ ಹೋಗುವಾಗ ಅವನನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡವಳಂತೆ ಜೊತೆಗೆ ಕರೆದೊಯ್ದಳು. ಭಾವ ಮುಖ ಸಿಂಡರಿಸಲಿಲ್ಲ. ಅವರು ಹಾಗೆಯೇ, ಬಂದದ್ದನ್ನು ಬಾ ಎನ್ನುವ ಜಾತಿ. ಬೀದಿಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವುದು ಅವರ ಕೆಲಸ, ದಿನಗೂಲಿ. ಎಷ್ಟೋ ವರ್ಷ ಸವೆಸಿದ ಮೇಲೆ ಈ ವರ್ಷ ಕಾಯಂ ಮಾಡುವ ಮಾತು ಕಚೇರಿಯಲ್ಲಿ ನಡೆದಿತ್ತು. ಅಕ್ಕ ಅದನ್ನು ನೆರೆಹೊರೆಗೆ ಹೇಳಿರಲಿಲ್ಲ, ದೃಷ್ಟಿಯಾದೀತೆಂದು. ತಮ್ಮನಿಗೆ ಮಾತ್ರ ದಿನಾ ಹೇಳುತ್ತಿದ್ದಳು.

ಅಷ್ಟರಲ್ಲಿ ಊರಿನ ದೊಡ್ಡ ನಾಯಕರ ಕೈಯಿಂದ ಮೈದಾನದ ಪಕ್ಕ ಹೊಸ ನಲ್ಲಿಯ ಉದ್ಘಾಟನೆ ಬಂತು.

ನಲ್ಲಿ ಇತ್ತು, ಕಟ್ಟೆ ಇತ್ತು, ಕಟ್ಟೆಯ ಮೇಲೆ ನಾಯಕರ ಹೆಸರು ಕೊರೆದ ಕಲ್ಲಿತ್ತು. ಇಲ್ಲದ್ದು ನೀರೊಂದೇ. ನಲ್ಲಿಯ ಕೊಳವೆ ಕಟ್ಟೆಯ ಹಿಂದಿನ ಗೋಡೆಯವರೆಗೆ ಹೋಗಿ ಅಲ್ಲೇ ನಿಂತಿತ್ತು. ನೀರಿನ ಕಚೇರಿಯ ಇಂಜಿನಿಯರ್ ಸಾಹೇಬರು ತಲೆ ಕೆರೆದುಕೊಂಡು ಭಾವನನ್ನು ಕರೆದರು. ಗೋಡೆಯ ಹಿಂದೆ ಎತ್ತರಕ್ಕೆ ಒಂದು ಡ್ರಮ್ಮು, ಡ್ರಮ್ಮಿನಿಂದ ಕೊಳವೆಗೆ ಒಂದು ಪೈಪು. ನಾಯಕರು ನಲ್ಲಿ ತಿರುಗಿಸುತ್ತಾರೆ, ನೀರು ಬರುತ್ತದೆ, ಫೋಟೋ ತೆಗೆಯುತ್ತಾರೆ, ನಿಲ್ಲಿಸುತ್ತಾರೆ. ಒಂದು ಡ್ರಮ್ಮು ಧಾರಾಳವಾಯಿತು.

ಲೆಕ್ಕ ಸರಿಯಾಗಿಯೇ ಇತ್ತು, ನಾಯಕರಿಗೆ ಆವೇಶ ಬರುವವರೆಗೆ. ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ನೀರು ಕುಡಿದು, ಮೈಕ್ ಎಳೆದುಕೊಂಡು ಗುಡುಗಿದರು: “ಈ ನಲ್ಲಿ ನಾನು ನಿಲ್ಲಿಸಲ್ಲ! ನಾನು ಮಾತಾಡ್ತಿರೋವರೆಗೂ ಹರೀಲಿ! ನನ್ನ ಮಾತು, ಈ ನೀರು, ಎರಡೂ ನಿಲ್ಲೋದಿಲ್ಲ!” ಇಂಜಿನಿಯರ್ ಒಮ್ಮೆ ಮೆಲ್ಲಗೆ ನಲ್ಲಿಗೆ ಕೈ ಚಾಚಿದರು, ನಾಯಕರು ಆ ಕೈಯನ್ನು ಹಿಡಿದು ಮೇಲೆತ್ತಿ ಜನರಿಗೆ ತೋರಿಸಿ ಚಪ್ಪಾಳೆ ಗಿಟ್ಟಿಸಿದರು. ಗೋಡೆಯ ಹಿಂದೆ ಭಾವ ಎರಡೂ ಕೈಯಲ್ಲಿ ಬಕೆಟ್ ಹಿಡಿದು ಮೈದಾನದ ಮೂಲೆಯ ತೊಟ್ಟಿಗೂ ಡ್ರಮ್ಮಿಗೂ ಓಡತೊಡಗಿದರು. ನಾಯಕರ ಭಾಷಣ ಎಂದಾದರೂ ಬೇಗ ಮುಗಿದದ್ದುಂಟೆ? ಅವರು ತಮ್ಮ ಬಾಲ್ಯದಿಂದ ಶುರುಮಾಡಿದರು. ಆಂಪ್ಲಿಫೈಯರ್ ಇಟ್ಟ ಜಾಗದಿಂದ ಹಲೋಗೆ ಗೋಡೆಯ ಎರಡೂ ಕಡೆ ಕಾಣುತ್ತಿತ್ತು. ಈಚೆ ನಾಯಕರು ನಾಡಿಗಾಗಿ ಬೆವರು ಹರಿಸಿದ ಕಥೆ ಹೇಳುತ್ತಿದ್ದರು, ಆಚೆ ಭಾವ ಬೆವರುತ್ತಿದ್ದರು. ಹಲೋ ನಗು ತಡೆಯಲು ನಾಲಿಗೆ ಕಚ್ಚಿ ಹಿಡಿದಿದ್ದ.

ಅವತ್ತಿನ ಎರಡನೇ ಸಭೆ ಅವನ ಬದುಕಿನಲ್ಲೇ ಅತ್ಯುತ್ತಮವಾದದ್ದು. ಮೊದಲು ನಾಯಕರ ದನಿ, “ನಾನು ನಿಲ್ಲಿಸಲ್ಲ!” ಆಮೇಲೆ ಭಾವನ ದನಿ, ಏದುಸಿರು, ಚಪ್ಪಲಿಯ ಪಟಪಟ, ಬಕೆಟ್ಟಿನ ಕಿರಕಿರ: “ಸ್ವಾಮೀ, ಬಾಲ್ಯ ಮುಗೀತಾ? ಇನ್ನೂ ಯೌವನ ಇದೆಯಾ? ಹಂಗಾದ್ರೆ ಇನ್ನೊಂದು ಡ್ರಮ್ ತರ್ಸಿ!” ಕೂಲಿಯವರು ನೆಲಕ್ಕೆ ಬಿದ್ದು ಹೊರಳಿದರು. ಆಗ ಗೋಡೆಯಾಚೆಯಿಂದಲೂ ನಗು ಕೇಳಿತು.

ಹಾರ್ನ್ ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಿತ್ತು. ಹಲೋ ಅದನ್ನು ನೋಡಿದ. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವನು ಇದನ್ನು ಬಹಳ ದಿನ ಯಾರಿಗೂ ಹೇಳಲಿಲ್ಲ: ಅವನು ನೋಡಿದ. ಕೈ ಚಾಚಿದರೆ ಸ್ವಿಚ್ಚು. ಆದರೆ ಇಡೀ ಮಾರ್ಕೆಟ್ ಅವನಿಗಾಗಿ ನಗುತ್ತಿತ್ತು. ಕಸುಬು ಹಿಡಿದಾಗಿನಿಂದ ಬೇರೆಯವರ ದನಿಯನ್ನು ಊರಿಗೆ ಮುಟ್ಟಿಸಿದವನು; ಊರು ಅವನ ಮಾತಿಗೆಂದು ಕಿವಿಗೊಟ್ಟದ್ದು ಅದೇ ಮೊದಲು. ಕೈ ಸ್ವಿಚ್ಚಿನ ಕಡೆ ಹೋಗಲೇ ಇಲ್ಲ. ಭಾವನ ಪಾತ್ರವನ್ನು ಅವನು ಇನ್ನಷ್ಟು ಬೆಳೆಸಿದ.

ಊರು ವಾರವಿಡೀ ನಕ್ಕಿತು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು, ಅದು ಮನೆಮನೆ ಸುತ್ತಿತು. ನಾಯಕರ ಮಾನ ಮೂರಾಬಟ್ಟೆಯಾಯಿತು ಎಂದು ಹಲೋ ಅಂದುಕೊಂಡ. ಎಲ್ಲಿಯ ಮಾನ? ನಾಯಕರು ಕೆಂಡಾಮಂಡಲವಾಗಿ ಪತ್ರಕರ್ತರನ್ನು ಕರೆದರು. ತಮಗೆ ನಕಲಿ ನೀರು ಕುಡಿಸಲಾಗಿದೆ, ಸಂಚನ್ನು ಪತ್ತೆ ಹಚ್ಚಿದ್ದೂ ತಾವೇ, ಎಷ್ಟೇ ದೊಡ್ಡವರಿದ್ದರೂ ಬಿಡುವುದಿಲ್ಲ ಎಂದು ಮೇಜು ಗುದ್ದಿದರು. ದೊಡ್ಡವರನ್ನು ಹುಡುಕುತ್ತ ಹೊರಟ ವಿಚಾರಣೆ ಇಂಜಿನಿಯರರ ಕೋಣೆಯಲ್ಲಿ ಕಾಫಿ ಕುಡಿದು, ನೇರ ಭಾವನ ಹತ್ತಿರ ಬಂದು ನಿಂತಿತು. ಭಾವನನ್ನು ಕೆಲಸದಿಂದ ತೆಗೆದರು. ನಕಲಿ ನೀರನ್ನು ಬಯಲಿಗೆಳೆದದ್ದಕ್ಕೆ ನಾಯಕರಿಗೆ ಸನ್ಮಾನ ನಿಗದಿಯಾಯಿತು.

“ಅವನೇನು ಬೇಕಂತ ಮಾಡಿದ್ನಾ?” ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು. “ಸ್ವಿಚ್ ಆಫ್ ಮಾಡೋದು ಮರೆತುಬಿಟ್ಟಿದಾನೆ. ಮನುಷ್ಯ ಅಂದ್ಮೇಲೆ ಮರೆವು ಇರಲ್ವಾ? ಪಾಪ, ಕೊರಗಿ ಕೊರಗಿ ಅರ್ಧ ಆಗಿದಾನೆ.”

ಆ ಪಾಪ ಎನ್ನುವ ಮಾತು ಹಲೋಗೆ ಚಪ್ಪಲಿಯಲ್ಲಿ ಹೊಡೆದಂತಾಗುತ್ತಿತ್ತು. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದ. ಭಾವ ಬೆಳಿಗ್ಗೆ ಅಭ್ಯಾಸಬಲದಿಂದ ಎದ್ದು, ವಾಲ್ವ್ ತಿರುಗಿಸುವ ಕೀಲಿಗಾಗಿ ಬಾಗಿಲ ಹಿಂದೆ ಕೈ ಹಾಕಿ, ಅದನ್ನು ಕಚೇರಿಗೆ ಒಪ್ಪಿಸಿದ್ದು ನೆನಪಾಗಿ, ಹಾಗೇ ಹೊಸ್ತಿಲ ಮೇಲೆ ಕೂರುತ್ತಿದ್ದರು. ಹೊಸಬ ನೀರು ಬಿಟ್ಟ ಸದ್ದು ಕೇಳಿದರೆ, “ಜೋರಾಯ್ತು. ಕೊನೇ ಮನೆಗೆ ಹೋಗಲ್ಲ,” ಎಂದು ತಮ್ಮಷ್ಟಕ್ಕೆ ಅನ್ನುತ್ತಿದ್ದರು. ಹಲೋ ಅದನ್ನು ಕೇಳಿಸಿಕೊಳ್ಳುತ್ತ ವೈರು ಸುತ್ತುತ್ತಿದ್ದ. ಹೇಳಿಬಿಡಬೇಕು ಎಂದು ದಿನಾ ಬಾಯಿ ತೆರೆಯುತ್ತಿದ್ದ. ಅಕ್ಕನ ಮುಖ ಕಂಡರೆ ಊಟಕ್ಕೇನು ಎಂದು ಕೇಳಿಬಿಡುತ್ತಿದ್ದ.

ಕೊನೆಗೆ ನಾಯಕರ ಮನೆಗೇ ಹೋದ. ಹೊಡೆಸಿದರೆ ಹೊಡೆಸಲಿ, ಭಾವನ ಕೆಲಸ ಕೊಟ್ಟರೆ ಸಾಕು ಎಂದು ಗಟ್ಟಿ ಮನಸ್ಸು ಮಾಡಿದ್ದ. ಪಡಸಾಲೆಯ ನಾಲ್ಕೂ ಗೋಡೆಯ ಮೇಲೆ ನಾಯಕರ ಫೋಟೋಗಳು. ಈ ಗೋಡೆಯ ನಾಯಕರು ಆ ಗೋಡೆಯ ನಾಯಕರಿಗೆ ಕೈ ಬೀಸುತ್ತಿದ್ದರು. ನಡುವೆ ಸೋಫಾದಲ್ಲಿ ಅಸಲಿಯವರು ಕೂತು ಬೆಂಬಲಿಗರಿಗೆ ಯಾವುದೋ ಪ್ರಶಸ್ತಿಫಲಕದ ಧೂಳು ಒರೆಸಲು ಹೇಳುತ್ತಿದ್ದರು. ಇವನು ಯಾರೆಂದು ತಿಳಿದ ಕೂಡಲೇ ಮುಖ ಅರಳಿತು.

“ನೀನೇನಾ ಅವನು? ಮಾಡು ಮಾಡು, ನನ್ನ ತರ ಮಾಡು!”

ಹಲೋ ಮಾಡಿದ. ಕೆಮ್ಮನ್ನೂ ಬಿಡಲಿಲ್ಲ. ನಾಯಕರು ತೊಡೆ ತಟ್ಟಿಕೊಂಡು ನಕ್ಕರು. ಅವರು ನಕ್ಕರೆಂದು ಬೆಂಬಲಿಗರೂ ನಕ್ಕರು. “ನನಗಿಂತ ನೀನೇ ವಾಸಿ ಕಣಯ್ಯ! ಈಗ ಆ ಬಕೆಟ್‌ನವನದು ಮಾಡು.”

“ಅದು ಬೇಡ ಸರ್. ಅವರು ನಮ್ಮ ಭಾವ. ಅವರ ಕೆಲಸ ಹೋಗಿದೆ. ಅದನ್ನೇ ಕೇಳೋಣ ಅಂತ ಬಂದೆ.”

“ಮಾಡು, ಆಮೇಲೆ ಕೇಳು.”

ಹಲೋ ಭಾವನ ಏದುಸಿರನ್ನೂ ಮಾಡಿದ. ಅಷ್ಟು ಹೊತ್ತೂ ಅವನ ಕಣ್ಣು ನೆಲದ ಮೇಲಿತ್ತು.

ನಾಯಕರು ಕಣ್ಣೊರೆಸಿಕೊಂಡು ಉದಾರಿಗಳಾದರು. ಕೆಲಸ ತಾನೇ? ಕೊಡೋಣ. ಆದರೆ ಸುಮ್ಮನೆ ಕೊಟ್ಟರೆ ಜನ ತಪ್ಪು ತಿಳಿಯುತ್ತಾರೆ. ಸನ್ಮಾನದ ಸಭೆಯಲ್ಲಿ ಹಲೋ ಮೈಕ್ ಮುಂದೆ ನಿಂತು, ಭಾವ ತನ್ನಷ್ಟಕ್ಕೆ ತಾನೇ ಬಕೆಟ್ ಹೊತ್ತು ನಾಯಕರಿಗೆ ಮೋಸ ಮಾಡಿದರು ಎಂದು ಹೇಳಲಿ. ಭಾವ ಕ್ಷಮೆ ಕೇಳಲಿ. ನಾಯಕರು ಕ್ಷಮಿಸುತ್ತಾರೆ. “ಕ್ಷಮಿಸೋದಕ್ಕೆ ಒಂದು ತಪ್ಪು ಬೇಕಲ್ಲಯ್ಯ,” ಎಂದರು, ಬಹಳ ತಾಳ್ಮೆಯಿಂದ.

ಮನೆಗೆ ಬಂದು ಹೇಳಿದಾಗ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಭಾವ ಕಾಲಿನ ಉಗುರು ನೋಡುತ್ತ, “ಆಗ್ಲಿ. ಮನೆ ನಡೀಬೇಕಲ್ಲ,” ಎಂದರು.

ಸನ್ಮಾನದ ಸಭೆ ಅದೇ ಮೈದಾನದಲ್ಲಿ, ಇನ್ನೂ ನೀರು ಕಾಣದ ಅದೇ ನಲ್ಲಿಯ ಪಕ್ಕದಲ್ಲಿ ನಡೆಯಿತು. ಹಲೋ ಮೈಕ್ ಮುಂದೆ ನಿಂತ. ಅಲ್ಲಿ ಅವನು ‘ಹಲೋ’ ಬಿಟ್ಟರೆ ಸ್ವಂತ ದನಿಯಲ್ಲಿ ಏನನ್ನೂ ಹೇಳಿದವನಲ್ಲ. ಅವತ್ತು ಹೇಳಿದ. “ನಮ್ಮ ಭಾವ ಯಾರಿಗೂ ಹೇಳದೆ ತಾವೇ ನೀರು ಹಾಕಿದ್ರು. ನಾಯಕರಿಗಾಗ್ಲಿ ಇಂಜಿನಿಯರ್ ಸಾಹೇಬ್ರಿಗಾಗ್ಲಿ ಗೊತ್ತಿರ್ಲಿಲ್ಲ.” ಹಾರ್ನ್‌ಗಳು ಅದನ್ನು ಮಾರ್ಕೆಟ್ಟಿನವರೆಗೂ ತಪ್ಪದೆ ಒಯ್ದವು. ಮೊದಲ ಸಾಲಿನಲ್ಲಿ ಇಂಜಿನಿಯರ್ ಎಲ್ಲರಿಗಿಂತ ಮುಂಚೆ ಚಪ್ಪಾಳೆ ತಟ್ಟಿದರು. ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ವೇದಿಕೆ ಹತ್ತಿ ಕೈ ಮುಗಿದರು. ನಾಯಕರು ಅವರನ್ನು ಎದೆಗೆ ಅಪ್ಪಿಕೊಂಡು ಕ್ಷಮಿಸಿದರು. ಕ್ಯಾಮೆರಾದವನಿಗೆ ಅದು ಸರಿಯಾಗಿ ಸಿಗಲಿಲ್ಲ. “ಸರ್, ಇನ್ನೊಂದ್ಸಲ,” ಎಂದ. ನಾಯಕರು ಇನ್ನೊಂದು ಸಲ ಕ್ಷಮಿಸಿದರು. ಹಿಂದಿನ ಸಾಲಿನಿಂದ ಯಾರೋ “ಬಕೆಟ್! ಬಕೆಟ್!” ಎಂದು ಕೂಗಿದರು, ಇಡೀ ಮೈದಾನ ನಕ್ಕಿತು. ಈ ಸಲ ನಾಯಕರನ್ನು ನೋಡಿ ನಕ್ಕವರು ಒಬ್ಬರೂ ಇರಲಿಲ್ಲ. ಕೆಲಸ ವಾಪಸು ಬಂತು, ಹಳೆಯ ದಿನಗೂಲಿಯ ಮೇಲೆ. ಕಾಯಂ ಮಾತನ್ನು ಮುಂದೆ ನೋಡೋಣ ಎಂದರಂತೆ.

ಕಾರು ಹೋಯಿತು, ಜನ ಚದುರಿದರು. ಕೂಲಿಯವರು ಕುರ್ಚಿ ಎಳೆದುಕೊಂಡು ಸುತ್ತ ಕೂತರು, ಕ್ಷಮಿಸಿದ್ದನ್ನು ಮಾಡು ಎಂದು ಪೀಡಿಸಿದರು. ಹಲೋ ಎಲ್ಲ ಸ್ವಿಚ್ಚುಗಳನ್ನು ಆರಿಸಿದ. ಅವರು ಗೊಣಗುತ್ತ ಎದ್ದು ಹೋದರು. ಭಾವ ಒಬ್ಬರೇ ಬಂದು ವೈರಿನ ಇನ್ನೊಂದು ತುದಿ ಹಿಡಿದರು. ಸುತ್ತುತ್ತ ಸುತ್ತುತ್ತ ಇಬ್ಬರೂ ಹತ್ತಿರವಾದರು.

“ಭಾವ,” ಎಂದ ಹಲೋ. “ನಾನವತ್ತು ಬರೀ ಮರೆತದ್ದಲ್ಲ. ಹಾರ್ನ್ ಆನ್ ಇರೋದು ನೋಡಿದ್ದೆ. ನೋಡಿಯೂ ಬಿಟ್ಟೆ.”

ಭಾವ ವೈರಿನ ಸುರುಳಿಯನ್ನು ಪೆಟ್ಟಿಗೆಯೊಳಗಿಟ್ಟರು.

“ಗೊತ್ತು ಕಣೋ. ನಾನು ಗೋಡೆ ಹಿಂದೆನೇ ಕೂತು ಸುಧಾರಿಸ್ಕೋತಿದ್ದೆ, ಹಾರ್ನ್ ನನ್ನ ತಲೆ ಮೇಲೇ ಇತ್ತು. ಮೊದ್ಲು ನೀನು ಮೆಲ್ಲಗೆ ಮಾಡ್ತಿದ್ದೆ. ಬೀದಿ ನಕ್ಕಿತು ನೋಡು, ಆಗ ದನಿ ಏರಿಸ್ದೆ. ಮರೆತೋರು ದನಿ ಏರಿಸಲ್ಲ.”

ಹಲೋಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. “ಮತ್ತೆ ಯಾಕೆ ಹೇಳ್ಲಿಲ್ಲ? ಇವತ್ತು ಯಾಕೆ ಒಪ್ಪಿಕೊಂಡ್ರಿ?”

“ನಿನ್ನ ಅಕ್ಕ ನಿನ್ನನ್ನ ಮಗನ ತರ ಸಾಕಿದಾಳೆ. ಅವಳಿಗಿರೋದು ನಾವಿಬ್ಬರು. ನಾನು ಮೋಸಗಾರ ಅಂತ ಊರು ಅಂದ್ರೆ ಅವಳು ನಂಬಲ್ಲ. ನೀನೇ ಹೀಗೆ ಮಾಡಿದೆ ಅಂದ್ರೆ ನಂಬಬೇಕಾಗುತ್ತೆ.” ಪೆಟ್ಟಿಗೆ ಎತ್ತಿ ಹೆಗಲಿಗೇರಿಸಿಕೊಂಡರು. “ಅವಳಿಗೆ ಹೇಳ್ಬೇಡ. ಹೇಳಿ ನೀನು ಹಗುರ ಆಗ್ತೀಯ, ಅವಳು ಹೊರಬೇಕು.”

ಮನೆಯಲ್ಲಿ ಅಕ್ಕ ಕಾದಿದ್ದಳು. ಕೆಲಸ ವಾಪಸು ಬಂದ ಸಂತೋಷಕ್ಕೆ ಇಬ್ಬರಿಗೂ ಬಿಸಿಬಿಸಿಯಾಗಿ ಬಡಿಸಿದಳು, ತಮ್ಮನಿಗೆ ಒಂದು ಹಿಡಿ ಹೆಚ್ಚೇ. ಎದುರಿಗೆ ಕೂತು, ಭಾವನಿಗೋಸ್ಕರ ಅಷ್ಟು ದೊಡ್ಡ ಮನುಷ್ಯರ ಮನೆ ಬಾಗಿಲಿಗೆ ಹೋಗಿ ನಿಂತನಲ್ಲ ಎಂದು ಅವನ ತಲೆ ನೇವರಿಸಿದಳು. “ಇನ್ಮೇಲಾದ್ರೂ ಸ್ವಿಚ್ ಆಫ್ ಮಾಡೋದು ಮರೀಬೇಡ ಕಣೋ, ಹಲೋ,” ಎಂದಳು.

ಹಲೋ ಭಾವನ ಕಡೆ ನೋಡಿದ. ಭಾವ ತಟ್ಟೆಯಿಂದ ಕಣ್ಣೆತ್ತಲಿಲ್ಲ.

“ಇಲ್ಲಕ್ಕ, ಮರೆಯಲ್ಲ,” ಎಂದು ಹೇಳಿ ಅವನು ತುತ್ತು ನುಂಗಿದ.