ತೋಳಿನ ಅಳತೆಗೆ ತೊಟ್ಟಿ ಕಟ್ಟುವ ಗಾಜಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಗಾಜಕ್ಕ ಮಂಡಿಯೂರಿ ಕೂತು, ಕೆನ್ನೆಯನ್ನು ಹೆಚ್ಚುಕಡಿಮೆ ನೆಲಕ್ಕೇ ತಾಗಿಸಿ, ಆರು ಅಡಿ ಉದ್ದದ ಗಾಜಿನ ತೊಟ್ಟಿಯ ತಳವನ್ನು ಇಣುಕಿ ನೋಡುತ್ತಿದ್ದಾರೆ. ತೊಟ್ಟಿಯಲ್ಲಿ ಅಂಚಿನವರೆಗೆ ನೀರಿದೆ, ಮೀನು ಒಂದೂ ಇಲ್ಲ. ಕೆಳಗೆ ಸುತ್ತಲೂ ಹಳೆಯ ಪತ್ರಿಕೆ ಹಾಸಿದೆ. ತೋರುಬೆರಳಿನಿಂದ ಕಾಗದವನ್ನು ಮೂಲೆ ಮೂಲೆಗೂ ಮುಟ್ಟುತ್ತಾ ಅವರು ಒಂದು ಸುತ್ತು ಬರುತ್ತಾರೆ. ಎಲ್ಲಾದರೂ ಒಂದು ಹನಿ ಜಿನುಗಿದ್ದರೆ ಕಾಗದ ಮೆತ್ತಗಾಗಿರುತ್ತದೆ. ಇವತ್ತು ಮೂರನೆಯ ಬೆಳಗ್ಗೆ, ಕಾಗದ ಗರಿಗರಿಯಾಗಿಯೇ ಇದೆ.

"ಆಯ್ತು, ಇನ್ನು ನೀರು ಖಾಲಿ ಮಾಡಬಹುದು," ಎನ್ನುತ್ತಾರೆ. ಹಾಗೆಂದು ಹೇಳಿ ಮತ್ತೊಂದು ಸುತ್ತು ಶುರು ಮಾಡುತ್ತಾರೆ. ಬಾಗಿಲಲ್ಲಿ ಚಹಾ ಲೋಟ ಹಿಡಿದು ನಿಂತ ಗಂಡ ನಗುತ್ತಾರೆ. "ಅದು ಸೋರಲ್ಲ ಕಣೆ. ಇನ್ನೊಂದು ಸಲ ಸುತ್ತಿದ್ರೆ ನಿನ್ನ ಬೆವರಿಗೇ ಕಾಗದ ಒದ್ದೆ ಆಗತ್ತೆ."

ಬೆವರಿಗೆ ಕಾರಣವಿದೆ. ಈ ತೊಟ್ಟಿ ಇವತ್ತು ಹೋಗುತ್ತಿರುವುದು ಹನ್ನೊಂದು ವರ್ಷದ ಹಿಂದೆ ಗಾಜಕ್ಕನ ಕೈಯಿಂದಲೇ ಹಾಲ್ ತುಂಬ ನೀರು ಮಾಡಿಸಿಕೊಂಡ ಮನೆಗೆ. ಅಂದು ಆ ಮನೆಯಾಕೆ, "ಇನ್ನೊಂದು ಸಲ ಈ ಹೊಸಿಲು ತುಳೀಬೇಡಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದರು. ಅಂದಿನಿಂದ ಗಾಜಕ್ಕ ಮೂರು ಅಡಿಗಿಂತ ದೊಡ್ಡ ತೊಟ್ಟಿ ಕಟ್ಟಿರಲಿಲ್ಲ. ಈಗ ಅದೇ ಮನೆಯಾಕೆ ತಾವೇ ಶೆಡ್ಡಿಗೆ ಬಂದು ಆರು ಅಡಿಯದನ್ನು ಹೇಳಿ ಹೋಗಿದ್ದಾರೆ. ಇವತ್ತು ಇದು ನಿಂತರೆ ಹೋದ ಹೆಸರು ವಾಪಸ್ಸು ಬಂದ ಹಾಗೆ.

ಗಾಜಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ವಯಸ್ಸು ಐವತ್ತನಾಲ್ಕು. ಗಂಡ ಫೋಟೋಗಳಿಗೆ ಚೌಕಟ್ಟು ಹಾಕುತ್ತಿದ್ದವರು. ಏಣಿಯಿಂದ ಬಿದ್ದು ಬೆನ್ನು ಕೆಟ್ಟಾಗ, ಅಂಗಡಿಯಲ್ಲಿ ಉಳಿದಿದ್ದ ಗಾಜನ್ನು ಹೆಂಡತಿ ಕೊಯ್ಯಲು ಕಲಿತರು. ಮೊದಲ ತಿಂಗಳು ಒಡೆದದ್ದೇ ಹೆಚ್ಚು. ಮೀನಿನ ಅಂಗಡಿಯವನೊಬ್ಬ ಸೋರುವ ತೊಟ್ಟಿಯನ್ನು ತಂದು, "ಅಕ್ಕಾ, ಇದನ್ನೊಂದು ಅಂಟಿಸಿಕೊಡಿ" ಎಂದ ದಿನದಿಂದ ಹಾದಿ ಬದಲಾಯಿತು. ಇಪ್ಪತ್ತಾರು ವರ್ಷಗಳಾಗಿವೆ. ತಿಂಗಳಿಗೆ ಏಳೆಂಟು ತೊಟ್ಟಿ ಎಂದರೂ ಎರಡು ಸಾವಿರ ದಾಟಿರಬೇಕು. ಪ್ರತಿಯೊಂದರ ಮೂಲೆಗೂ ಸಿಲಿಕಾನ್ ಅಂಟು ಹಾಕಿ ಬೆರಳಿನಲ್ಲೇ ಸವರಿ ಸವರಿ ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿವೆ. "ಊರೆಲ್ಲ ನನ್ನ ಗುರುತು ಹಿಡಿಯತ್ತೆ, ನನ್ನ ಮೊಬೈಲ್ ಮಾತ್ರ ಹಿಡಿಯಲ್ಲ," ಎಂದು ಬೆರಳು ತೋರಿಸುತ್ತಾರೆ. ಗಂಡ ಈಗ ಕುರ್ಚಿಯಲ್ಲಿ ಕೂತೇ ಮುಚ್ಚಳಗಳನ್ನು ಮಾಡುತ್ತಾರೆ, ಜೊತೆಗೆ ಹೆಂಡತಿಯನ್ನು ಕಾಡಿಸುವ ಕೆಲಸವನ್ನೂ ಪುಕ್ಕಟೆಯಾಗಿ ಮಾಡುತ್ತಾರೆ.

ಮನೆಗೆ ದೊಡ್ಡ ಅಕ್ವೇರಿಯಂ ಬೇಕೆಂದು ಹೊರಟವರು ಸಾಮಾನ್ಯವಾಗಿ ಗೋಡೆ ನೋಡುತ್ತಾರೆ, ಸೋಫಾದ ಬಣ್ಣ ನೋಡುತ್ತಾರೆ, ಬಂದ ನೆಂಟರ ಕಣ್ಣು ಎಲ್ಲಿ ಬೀಳಬೇಕೆಂದು ಲೆಕ್ಕ ಹಾಕುತ್ತಾರೆ. ಗಾಜಕ್ಕ ಮನೆಯೊಳಗೆ ಬಂದವರೇ ಕೇಳುವುದು ಒಂದೇ ಪ್ರಶ್ನೆ: "ತೊಳೆಯೋರು ಯಾರು?" ಕೂಡಲೇ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಕೊನೆಗೆ ಯಾರೋ ಒಬ್ಬರು ಒಪ್ಪಿಕೊಂಡರೆ, ಬೆರಳ ತುದಿಯಿಂದ ಕಂಕುಳಿನವರೆಗೆ ಅವರ ತೋಳಿಗೆ ಟೇಪು ಹಿಡಿಯುತ್ತಾರೆ. ತೊಟ್ಟಿಯ ಎತ್ತರ ಆ ಅಳತೆಯೊಳಗೇ ಇರಬೇಕು. "ಕೈ ತಳ ಮುಟ್ಟದಿದ್ರೆ ಮೂರು ತಿಂಗಳಿಗೆ ಪಾಚಿ ಕಟ್ಟತ್ತೆ. ಆಮೇಲೆ ಮೀನೂ ಕಾಣಲ್ಲ, ತೊಳೆಯೋರೂ ಕಾಣಲ್ಲ."

ಈ ಮನೆಯಲ್ಲೂ ಅದೇ ಆಯಿತು. ಮನೆಯ ಯಜಮಾನರು ನಿವೃತ್ತ ಬಸ್ ಡ್ರೈವರ್. ಗಾಜಕ್ಕ ಅವರನ್ನು ಕರೆಯುವುದು ಅಣ್ಣ ಎಂದು, ಅವರ ಹೆಂಡತಿಯನ್ನು, ಅಂದರೆ ಅಂದು ಬೈದು ಕಳಿಸಿದ ಮನೆಯಾಕೆಯನ್ನು, ಅತ್ತಿಗೆ ಎಂದು. ಅಣ್ಣನಿಗೆ ಎರಡೂವರೆ ಅಡಿ ಎತ್ತರದ್ದೇ ಬೇಕಿತ್ತು, ಬಸ್ಸಿನ ಮುಂದಿನ ಗಾಜಿನ ಹಾಗೆ ಎದ್ದು ಕಾಣಬೇಕಂತೆ. ತೊಳೆಯುವವರು ಯಾರು ಎಂದಾಗ ಅವರು ಕನ್ನಡಕ ಒರೆಸತೊಡಗಿದರು. ಅತ್ತಿಗೆ ತೋಳು ಚಾಚಿದರು. ಇಪ್ಪತ್ತೆರಡು ಇಂಚು. ತೊಟ್ಟಿ ಒಂದೂವರೆ ಅಡಿ ಎತ್ತರಕ್ಕೆ ಇಳಿಯಿತು, ಅಗಲ ಎರಡು ಅಡಿಗೆ ಏರಿತು.

ಹನ್ನೊಂದು ವರ್ಷದ ಹಿಂದೆ ಎಡವಿದ್ದು ನೆಲದ ವಿಷಯದಲ್ಲಿ. ನಾಲ್ಕು ಅಡಿಯ ತೊಟ್ಟಿ ಇಟ್ಟಾಗ ಸ್ಟ್ಯಾಂಡಿನ ಒಂದು ಕಾಲು ಕುಂಟುತ್ತಿತ್ತು. ಎಲ್ಲರಿಗೂ ಅವಸರ, ಮಕ್ಕಳು ಮೀನು ಬಿಡಿ ಬಿಡಿ ಎಂದು ಕುಣಿಯುತ್ತಿದ್ದರು. ಗಾಜಕ್ಕ ರಟ್ಟಿನ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಆ ಕಾಲಿನಡಿಗೆ ತುರುಕಿ ಬಂದರು. ನೆಲ ಒರೆಸಿದ ನೀರು ಕುಡಿದು ಕುಡಿದು ರಟ್ಟು ಹಿಟ್ಟಾಯಿತು, ಎರಡನೆಯ ವಾರ ತಳದ ಗಾಜು ಬಿರಿಯಿತು. ಮೀನುಗಳನ್ನು ಬಕೆಟ್ಟು, ಕೊಡ, ಕೊನೆಗೆ ಕುಕ್ಕರಿಗೂ ತುಂಬಿ ಉಳಿಸಿದರಂತೆ. "ರಟ್ಟು ಇಟ್ಟವಳು ನಾನೇ. ಬೇರೆ ಯಾರನ್ನ ಬಯ್ಯಲಿ?" ಎನ್ನುತ್ತಾರೆ ಗಾಜಕ್ಕ.

ಹಾಗೆ ಉಳಿದ ಗೋಲ್ಡ್‌ಫಿಶ್‌ಗಳಲ್ಲಿ ಎರಡು ಈಗಲೂ ಇವೆ. ಹಿತ್ತಲಿನ ಸಿಮೆಂಟು ತೊಟ್ಟಿಯಲ್ಲಿ ಬೆಳೆದು ಬೆಳೆದು ಅಂಗೈಗಿಂತ ದೊಡ್ಡವಾಗಿವೆ. ಅವನ್ನು ಮತ್ತೆ ಕಣ್ಣೆದುರಿಗೆ ತರಬೇಕೆಂದು ಅತ್ತಿಗೆ ನಾಲ್ಕು ಅಂಗಡಿ ಸುತ್ತಿದರು. ಎಲ್ಲ ಕಡೆಯೂ ಲೈಟಿನ ಬಣ್ಣ ಕೇಳಿದರು, ತೋಳಿನ ಅಳತೆ ಯಾರೂ ಕೇಳಲಿಲ್ಲ. "ಒಂದು ಸಲ ತಪ್ಪು ಮಾಡಿದೋರು ಎರಡನೇ ಸಲ ಅಲ್ಲಿ ಕಣ್ಣಿಟ್ಟು ನೋಡ್ತಾರೆ. ಅಂಗಡಿಯೋರು ಇನ್ನೂ ತಪ್ಪೇ ಮಾಡಿಲ್ಲ, ಅವರನ್ನ ಹೇಗೆ ನಂಬೋದು?" ಎಂಬುದು ಅತ್ತಿಗೆಯ ವಾದ. ಇದಕ್ಕೆ ಎದುರು ಹೇಳುವುದು ಕಷ್ಟ.

ಒಂಬತ್ತು ಗಂಟೆಗೆ ಆರು ಮಂದಿ ಹೊತ್ತು ತಂದ ತೊಟ್ಟಿ ಹಾಲ್‌ನ ನಡುವೆ ಕಂಬಳಿಯ ಮೇಲೆ ಕೂತಿದೆ. ಖಾಲಿಯಿದ್ದಾಗಲೇ ನೂರು ಕಿಲೋ. ನೀರು, ಮರಳು, ಸ್ಟ್ಯಾಂಡು ಎಲ್ಲ ಸೇರಿದರೆ ಹತ್ತು ಜನ ಗುಂಪಾಗಿ ನಿಂತಷ್ಟು ಭಾರ. ಗಾಜಕ್ಕ ಚೀಲದಿಂದ ಒಂದು ಗೋಲಿ ತೆಗೆದು ಗೋಡೆಯ ಪಕ್ಕ ಬಿಡುತ್ತಾರೆ. ಅದು ನಿಧಾನವಾಗಿ ಬಾಗಿಲ ಕಡೆಗೆ ಹೊರಡುತ್ತದೆ. ತೊಳೆದ ನೀರು ಹರಿದುಹೋಗಲೆಂದು ನೆಲ ಹಾಕುವಾಗಲೇ ಇಳಿಜಾರು ಬಿಟ್ಟಿದ್ದಾರೆ. ಹೋದ ತಿಂಗಳೇ ಇದನ್ನು ನೋಡಿಕೊಂಡು ಹೋಗಿ, ಬಡಗಿಯ ಕೈಯಲ್ಲಿ ಸ್ಟ್ಯಾಂಡಿನ ಬಾಗಿಲ ಕಡೆಯ ಕಾಲುಗಳನ್ನು ಅರ್ಧ ಇಂಚು ಉದ್ದ ಮಾಡಿಸಿದ್ದಾರೆ. ಸ್ಟ್ಯಾಂಡು ಇಟ್ಟು ರಸಮಟ್ಟ ಹಿಡಿಯುತ್ತಾರೆ. ಗುಳ್ಳೆ ನಟ್ಟನಡುವೆ ಬಂದು ನಿಲ್ಲುತ್ತದೆ. ಆದರೂ ನಾಲ್ಕೂ ಕಾಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡುತ್ತಾರೆ.

ತೊಟ್ಟಿಯನ್ನು ಮೇಲೆ ಇಟ್ಟು, ಪೈಪು ಬಿಟ್ಟು, ಗಾಜಕ್ಕ ಎದುರಿಗೆ ಒಂದು ಸ್ಟೂಲು ಎಳೆದುಕೊಂಡು ಕೂರುತ್ತಾರೆ. ತುಂಬಲು ಮೂರು ಗಂಟೆ ಬೇಕು. ಒಮ್ಮೆಗೇ ತುಂಬಿಸುವುದಿಲ್ಲ, ಕಾಲು ಭಾಗಕ್ಕೊಮ್ಮೆ ನಲ್ಲಿ ನಿಲ್ಲಿಸಿ ಮೂಲೆಗಳನ್ನು ಸವರುತ್ತಾರೆ. ಅಣ್ಣ ಎರಡು ಸಲ ಚಹಾ ತಂದರೂ ಮುಟ್ಟುವುದಿಲ್ಲ. ಅತ್ತಿಗೆಯೂ ಪಕ್ಕದಲ್ಲೇ ಕೂತಿದ್ದಾರೆ. ಮುಕ್ಕಾಲು ತುಂಬುವವರೆಗೆ ಇಬ್ಬರ ಕಣ್ಣೂ ಏರುವ ನೀರಿನ ಮೇಲೇ ಇರುತ್ತದೆ.

"ಅವತ್ತು ಹಾಗೆ ಅನ್ನಬಾರದಿತ್ತು ನಾನು," ಎನ್ನುತ್ತಾರೆ ಅತ್ತಿಗೆ ಕೊನೆಗೆ.

"ನೀವು ಅಂದಿದ್ದು ಕಡಿಮೆಯೇ. ಮನೆಗೆ ಹೋದ್ಮೇಲೆ ನಮ್ಮೆಜಮಾನ್ರು ಇನ್ನೂ ಅಂದ್ರು," ಎನ್ನುತ್ತಾರೆ ಗಾಜಕ್ಕ. ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ. ಹನ್ನೊಂದು ವರ್ಷದ ಮುನಿಸು ಅಲ್ಲಿಗೆ ಮುಗಿಯುತ್ತದೆ.

ಮಧ್ಯಾಹ್ನದ ಹೊತ್ತಿಗೆ ನೀರು ಅಂಚಿಗೆ ಬಂದಿದೆ. ಮೀನು ನಾಳೆ, ನೀರು ಒಂದು ದಿನ ತಣ್ಣಗೆ ನಿಲ್ಲಬೇಕು. ಗಾಜಕ್ಕ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ಸಂಜೆಯವರೆಗೆ ಇಲ್ಲೇ ಕಾವಲು ಕೂರುತ್ತೇನೆ ಎನ್ನುತ್ತಾರೆ. ಅತ್ತಿಗೆ ಎದ್ದು ಒಳಗೆ ಹೋಗಿ ಚಾಪೆ ದಿಂಬು ತಂದು, ತೊಟ್ಟಿಯ ಬುಡದಲ್ಲೇ ಹಾಸಿಕೊಳ್ಳುತ್ತಾರೆ. ಐನೂರು ಲೀಟರ್ ನೀರು ತಲೆಯ ಮೇಲಿರುವಂತೆ ಮಗ್ಗುಲಾಗಿ, ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಾರೆ. ಹತ್ತೇ ನಿಮಿಷಕ್ಕೆ ಸಣ್ಣಗೆ ಗೊರಕೆ ಕೇಳುತ್ತದೆ.

ಗಾಜಕ್ಕನ ಕಣ್ಣು ತುಂಬಿ ಬರುತ್ತದೆ. ಸಂತೋಷವನ್ನು ಮುಚ್ಚಿಕೊಳ್ಳುವ ಗೋಜಿಗೆ ಅವರು ಹೋಗುವುದಿಲ್ಲ. ಅಷ್ಟರಲ್ಲಿ ಅಣ್ಣ ಒಳಗಿನಿಂದ, ಲೈಟು ಹಾಕಿ ನೋಡೋಣವೇ ಎಂದು ದೊಡ್ಡ ದನಿಯಲ್ಲಿ ಕೇಳುತ್ತಾರೆ. ಗಾಜಕ್ಕ ತುಟಿಯ ಮೇಲೆ ಬೆರಳಿಡುತ್ತಾರೆ.

"ಮೆಲ್ಲಗಣ್ಣ. ನನ್ನ ಟ್ಯಾಂಕಿನ ಪಕ್ಕ ಮಲಗಿದ್ದಾರೆ."