ಪರದೆಯ ಹಿಂದೆ ಚಂದ್ರನನ್ನು ಎತ್ತುವವನು

ಡ್ರೆಸ್ಡೆನ್ ಊರಿನಲ್ಲಿ ನನಗೆ ಚಂದ್ರನ ಚಿತ್ರಕಾರ ಎಂದೇ ಹೆಸರು. ಸೂರ್ಯನನ್ನು ಬರೆದಾಗಲೆಲ್ಲ ಅದು ಮೊಟ್ಟೆಯ ಹಳದಿಯಂತೆ ಕಂಡು ಗಿರಾಕಿಗಳಿಗೆ ಹಸಿವಾಗುತ್ತಿತ್ತು; ಹಾಗಾಗಿ ರಾತ್ರಿಗೆ ಇಳಿದೆ. ತೆಳು ಕಾಗದದ ಎರಡೂ ಬದಿಗೆ ಬೆಟ್ಟ, ಪೈನ್ ಕಾಡು, ನಮ್ಮ ಎಲ್ಬೆ ನದಿ ಬರೆದು ಚೌಕಟ್ಟಿಗೆ ಬಿಗಿಯುತ್ತೇನೆ. ಕೋಣೆ ಕತ್ತಲು ಮಾಡಿ, ಹಿಂದಿನಿಂದ ದೀಪ ಹಿಡಿದು ಮೆಲ್ಲಗೆ ಎತ್ತಿದರೆ ಚಂದ್ರೋದಯ. ಎದುರು ಕುಳಿತವರು ಕಣ್ಣೊರೆಸಿಕೊಳ್ಳುತ್ತಾರೆ. ಹಗಲು ಹೊತ್ತಿನಲ್ಲಿ ಅದೇ ಚಿತ್ರ ಪಾತ್ರೆ ಒರೆಸಿದ ಬಟ್ಟೆ.

ದೀಪ ಎತ್ತುವವನು ಗೊಟ್‌ಹೆಲ್ಫ್. ಮೊದಲು ಮನೆಮನೆಯ ಚಿಮಣಿ ಗುಡಿಸುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೆ ನನ್ನ ಬಳಿ ಬಂದ. ನಾನೇ ದೀಪ ಹಿಡಿದರೆ ಚಂದ್ರನಿಗೆ ಚಳಿಜ್ವರ ಬಂದಂತಿರುತ್ತದೆ. ಅವನ ಕೈ ಅಲುಗದು.

ಆ ಚಳಿಗಾಲ ಅವನ ಹೆಂಡತಿ ಡೊರೊಥೇಯಳ ಕಣ್ಣಿನ ಪೊರೆ ಬಲಿಯುತ್ತಾ ಬಂತು.

"ಯಜಮಾನ್ರೇ, ವಸಂತದ ಹೊತ್ಗೆ ಪೂರ್ತಿ ಮುಚ್ಕೊಳ್ಳುತ್ತಂತೆ. ಅಷ್ಟರಲ್ಲಿ ಅವ್ಳಿಗೆ ಒಂದ್ಸಲ ಚಂದ್ರನ್ನ ತೋರಿಸ್ಬೇಕು" ಎಂದ.

"ಆಕಾಶದಲ್ಲಿ ಇದಾನಲ್ಲಯ್ಯ."

"ಅವನು ನಾನು ಎತ್ತಿದ್ದಲ್ವಲ್ಲ! ಸಂಜೆಯೆಲ್ಲ ನಾನು ಬಿಯರ್ ಅಂಗಡೀಲಿ ಕೂತಿರ್ತೀನಿ ಅಂತ್ಲೇ ಅವ್ಳು ತಿಳ್ಕೊಂಡಿರೋದು."

ಭಾನುವಾರ ಸಂಜೆ ಅವಳನ್ನು ಮುಂದಿನ ಸಾಲಿನಲ್ಲಿ, ಕಲಾಪ್ರೇಮಿ ಬ್ಯಾರನ್ ಒಬ್ಬರ ಪಕ್ಕ ಕೂರಿಸಿದೆ. ಎಂದಿನಂತೆ ಮೂಲೆಯಲ್ಲಿ ಕೂತ ಕೊಳಲಿನವನು ಶುರುಮಾಡಿದ. ಚಂದ್ರ ಎದ್ದ. ಎಲ್ಲರೂ ನಿಟ್ಟುಸಿರು ಬಿಟ್ಟರು.

"ಏ ಮುದುಕಾ, ಎಲ್ಲಿದ್ದೀಯೋ? ಏನೂ ಕಾಣ್ತಿಲ್ಲ!" ಎಂದಳು ಡೊರೊಥೇಯ.

ಕೊಳಲು ನಿಂತಿತು. ಪರದೆಯ ಹಿಂದಿನಿಂದ ದನಿ ಬಂತು: "ಬೆಟ್ಟದ ಮೇಲೆ ಕಣೇ!"

"ಬೆಟ್ಟ ಕಾಣ್ಸಿದ್ರೆ ನಿನ್ನ ಯಾಕೆ ಕೇಳ್ತಿದ್ದೆ? ಎಡಕ್ಕೆ ತಾ. ಆ ಕಣ್ಣಲ್ಲಿ ಒಂಚೂರು ಉಳಿದಿದೆ."

ಚಂದ್ರ ಎಡಕ್ಕೆ ಹೊರಟ. ಬೆಟ್ಟ ಇಳಿದ, ನದಿ ದಾಟಿದ, ನಾನು ಬೆನ್ನು ಬಗ್ಗಿಸಿ ಒಂದೊಂದೇ ಮರ ಬರೆದಿದ್ದ ಪೈನ್ ಕಾಡಿನೊಳಗೇ ನುಗ್ಗಿಬಿಟ್ಟ. ನಾನು ತಲೆಯ ಮೇಲೆ ಕೈ ಹೊತ್ತೆ.

"ಎಂಥ ದಿಟ್ಟ ಕಲ್ಪನೆ!" ಎಂದು ಬ್ಯಾರನ್ ಪಿಸುಗುಟ್ಟಿದರು. ಕೈ ಇಳಿಸಿ, ವಿನಯದಿಂದ ಕೆಮ್ಮಿದೆ.

"ನಿಲ್ಸು! ಅಲ್ಲೇ! ಕಾಣ್ತು!"

"ಹೆಂಗಿದೆಯೇ?"

"ನಿಂಗೆ ಕಾಣಲ್ವಾ?"

"ಈ ಕಡೆಯಿಂದ ಬರೀ ಬಣ್ಣ ಬಳಿದ ಕಾಗದ ಕಣೇ. ಯಾವತ್ತೂ ನೋಡಿಲ್ಲ. ನೀನೇ ಹೇಳು."

ಅವಳು ಕುತ್ತಿಗೆ ಮುಂದೆ ಚಾಚಿದಳು. ಬ್ಯಾರನ್ ಕೂಡ ಚಾಚಿದರು.

"ದುಂಡಗಿದೆ. ಅಂಚೆಲ್ಲ ಕರಗ್ತಿದೆ, ಬಿಸಿ ಆಲೂಗಡ್ಡೆ ಮೇಲೆ ಬೆಣ್ಣೆ ಹಾಕ್ದಂಗೆ. ಸುತ್ತ ಕತ್ಲೆ. ಆದ್ರೆ ಹೆದರಿಸೋ ಕತ್ಲೆ ಅಲ್ಲ ಕಣೋ." ಕಣ್ಣು ಕಿರಿದು ಮಾಡಿದಳು. "ಯಾಕೋ ನಡುಗ್ತಿದೆ. ಅಳ್ತಿದ್ದೀಯಾ?"

"ಇಲ್ವೇ. ದೀಪ ಭಾರ. ಇಳಿಸ್ಲಾ?"

"ಇಳಿಸಿದ್ರೆ ನೋಡು! ಹಂಗೇ ಹಿಡ್ಕೊ. ನಾನಿನ್ನೂ ನೋಡಿ ಮುಗಿಸಿಲ್ಲ."

ಎಣ್ಣೆ ತೀರಿ ದೀಪ ತಾನಾಗಿ ಆರುವವರೆಗೂ ಅವನು ಇಳಿಸಲಿಲ್ಲ. ಯಾರೂ ಏಳಲೂ ಇಲ್ಲ.